ಅಪರಿಚಿತರ ಪಂಕ್ತಿ

ವಸತಿ ಶಿಬಿರವೆಂದರೆ ಒಬ್ಬರಿಗೊಬ್ಬರು ಗುರುತಿಲ್ಲದ ಇಪ್ಪತ್ತು, ಮೂವತ್ತು ಅಥವಾ ಐವತ್ತು ಮಂದಿ ಕೆಲವು ದಿನ ಒಂದೇ ಜಾಗದಲ್ಲಿ ತಂಗಿ, ಬೆಳಗಿನಿಂದ ರಾತ್ರಿಯವರೆಗೆ ಒಂದೇ ವಿಷಯದಲ್ಲಿ ಮುಳುಗಿ ಕಲಿಯುವ ಏರ್ಪಾಡು. ರಂಗತರಬೇತಿ, ಸಿನಿಮಾ ರಸಗ್ರಹಣ, ಶಿಕ್ಷಕರ ಪುನಶ್ಚೇತನ, ರಾಷ್ಟ್ರೀಯ ಸೇವಾ ಯೋಜನೆಯ ವಾರ್ಷಿಕ ಶಿಬಿರ, ಪರ್ವತಾರೋಹಣ, ಧ್ಯಾನ, ಹೀಗೆ ವಿಷಯ ಯಾವುದೇ ಇರಲಿ, ಚೌಕಟ್ಟು ಹೆಚ್ಚುಕಡಿಮೆ ಒಂದೇ. ಮೊದಲ ದಿನ ಚೀಲ ಹೊತ್ತು ಬಂದವರು ಗೋಡೆ ಬದಿಯ ಜಾಗ ಹಿಡಿದು, ಮೊಬೈಲ್ ನೋಡುತ್ತ ಕೂರುತ್ತಾರೆ. ಕೊನೆಯ ದಿನ ಅದೇ ಜನ ಬಸ್ ನಿಲ್ದಾಣದಲ್ಲಿ, ಬಸ್ಸು ಹೊರಟರೂ ಕಿಟಕಿಯಿಂದ ಕೈ ಬಿಡಲು ಒಲ್ಲದೆ ನಿಂತಿರುತ್ತಾರೆ. ಏಳೆಂಟು ದಿನಗಳಲ್ಲಿ ಇಷ್ಟು ಸಲುಗೆ ಬೆಳೆಯುವ ಸಂದರ್ಭಗಳು ವಯಸ್ಕರ ಬದುಕಿನಲ್ಲಿ ಹೆಚ್ಚಿಲ್ಲ.

ಈ ನಂಟನ್ನು ಏನೆಂದು ತಿಳಿಯಬೇಕು ಎಂಬುದರಲ್ಲಿ ಎರಡು ನಿಲುವುಗಳು ಚಾಲ್ತಿಯಲ್ಲಿವೆ. ಒಂದರ ಪ್ರಕಾರ ಕಲಿಕೆಯೇ ಮುಖ್ಯ, ಸ್ನೇಹ ಅದರ ಜೊತೆಗೆ ಸಿಗುವ ಕೊಸರು. ಇನ್ನೊಂದರ ಪ್ರಕಾರ ಸ್ನೇಹ ಬೇಕೇ ಬೇಕು, ಆದ್ದರಿಂದ ಅದನ್ನು ಮೊದಲ ಗಂಟೆಯಲ್ಲೇ ಪರಿಚಯದ ಆಟ ಆಡಿಸಿ ಹುಟ್ಟಿಸಬೇಕು. ಎರಡೂ ನಿಲುವುಗಳು ಒಂದೇ ಕಡೆ ಎಡವುತ್ತವೆ: ಕಲಿಕೆಯನ್ನೂ ನಂಟನ್ನೂ ಬೇರೆ ಬೇರೆ ಮಾಡಿ ನೋಡುತ್ತವೆ. ಒಳ್ಳೆಯ ಶಿಬಿರದಲ್ಲಿ ಅಪರಿಚಿತರ ನಡುವಿನ ನಂಟೇ ಕಲಿಕೆಯ ಸಲಕರಣೆ. ಅದು ಆಟದಿಂದ ಬರುವುದಲ್ಲ, ಒಬ್ಬರಿಂದಲೇ ಆಗದ ಕೆಲಸವೊಂದನ್ನು ಕೂಡಿ ಮಾಡುವುದರಿಂದ ಬರುವುದು. ಇದಕ್ಕೆ ಕಳೆದ ಸುಮಾರು ನೂರೆಂಬತ್ತು ವರ್ಷಗಳ ಅನುಭವದಲ್ಲಿ ಸಾಕಷ್ಟು ಆಧಾರಗಳಿವೆ.

ವಯಸ್ಕರು ಒಟ್ಟಿಗೆ ವಾಸಿಸಿ ಕಲಿಯುವ ಶಾಲೆಯ ಕಲ್ಪನೆ ಇಂದಿನ ರೂಪಕ್ಕೆ ಬಂದದ್ದು ಡೆನ್ಮಾರ್ಕಿನಲ್ಲಿ. ಪಾದ್ರಿ, ಕವಿ ಗ್ರುಂಡ್ಟ್‌ವಿಗ್ ಅವರ ವಿಚಾರಗಳನ್ನು ಅನುಸರಿಸಿ 1844ರಲ್ಲಿ ರೊಡಿಂಗ್ ಎಂಬಲ್ಲಿ ಮೊದಲ ಜನತಾ ಪ್ರೌಢಶಾಲೆ ತೆರೆಯಿತು. ರೈತರ ಮಕ್ಕಳು ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಬಂದು ಉಳಿದು, ಚರಿತ್ರೆ ಕೇಳಿ, ಹಾಡಿ, ಚರ್ಚಿಸಿ ಹೋಗಬೇಕು; ಪರೀಕ್ಷೆ ಇರಬಾರದು ಎಂಬುದು ಗ್ರುಂಡ್ಟ್‌ವಿಗ್ ಅವರ ಆಶಯ. ಅದನ್ನು ದಿನನಿತ್ಯದ ರೂಢಿಯಾಗಿಸಿದವರು ಕ್ರಿಸ್ಟನ್ ಕೋಲ್ಡ್. ಅವರು ವಿದ್ಯಾರ್ಥಿಗಳ ಜೊತೆಗೇ ಉಂಡು, ಅವರ ಜೊತೆಗೇ ಮಲಗುತ್ತಿದ್ದ ಮೇಷ್ಟ್ರು. ಈ ಮಾದರಿ ಹಲವು ದೇಶಗಳಿಗೆ ಹಬ್ಬಿತು. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಯ ಯುವಕರಿಗಾಗಿ ನಡೆಸಿದ ವಿದ್ಯಾಪೀಠಗಳೂ ಇದೇ ಡೇನಿಶ್ ಮಾದರಿಯಿಂದ ಹುಟ್ಟಿದವು. ಕರ್ನಾಟಕದಲ್ಲಿ ಶಿಬಿರಕ್ಕೆ ಇನ್ನೊಂದು ಬೇರೂ ಇದೆ: ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಸ್ಥಾಪಿಸಿದ ಹಿಂದೂಸ್ತಾನಿ ಸೇವಾದಳ ಸ್ವಾತಂತ್ರ್ಯ ಚಳವಳಿಗೆ ಸ್ವಯಂಸೇವಕರನ್ನು ತಯಾರು ಮಾಡಿದ್ದು ಶಿಬಿರಗಳ ಮೂಲಕವೇ. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಏಳು ದಿನಗಳ ಹಳ್ಳಿ ಶಿಬಿರವನ್ನು ಕಾಲೇಜು ಜೀವನದ ಭಾಗವಾಗಿಸಿತು. ಇಂದು ನಾಡಿನಲ್ಲಿ ಶಿಬಿರವೆಂದರೆ ಹೆಚ್ಚಿನವರ ನೆನಪಿಗೆ ಬರುವುದು ಅದೇ ಏಳು ದಿನ: ಶಾಲೆಯ ಜಗಲಿಯಲ್ಲಿ ಹಾಸಿದ ಜಮಖಾನ, ಬೆಳಗಿನ ಪ್ರಭಾತಫೇರಿ, ಗುದ್ದಲಿ ಹಿಡಿದು ಗುಳ್ಳೆ ಎದ್ದ ಅಂಗೈ.

ಈ ಏರ್ಪಾಡಿನಲ್ಲಿ ಅಪರಿಚಿತತನಕ್ಕೆ ಏನು ಕೆಲಸ? ಜರ್ಮನ್ ಸಮಾಜಶಾಸ್ತ್ರಜ್ಞ ಜಾರ್ಜ್ ಜಿಮ್ಮೆಲ್ 1908ರಲ್ಲಿ ಬರೆದ ಪುಟ್ಟ ಪ್ರಬಂಧವೊಂದರಲ್ಲಿ ಅಪರಿಚಿತನ ಒಂದು ವಿಶೇಷವನ್ನು ಗುರುತಿಸಿದರು. ಹತ್ತಿರದವರಿಂದ ಜಾಗ್ರತೆಯಾಗಿ ಮುಚ್ಚಿಡುವ ಸಂಗತಿಗಳನ್ನು ಜನ ಹೊರಗಿನಿಂದ ಬಂದವನ ಮುಂದೆ ಬಿಚ್ಚಿಡುತ್ತಾರೆ. ರಾತ್ರಿ ರೈಲಿನಲ್ಲಿ ಎದುರು ಸೀಟಿನವರ ಜೊತೆ ಮನೆಯ ಕಷ್ಟಸುಖ ಮಾತಾಡಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಲಿಕೆಗೆ ಇದರಿಂದ ಆಗುವ ಲಾಭ ದೊಡ್ಡದು. ಊರಿನಲ್ಲಿ, ತರಗತಿಯಲ್ಲಿ, ಕಚೇರಿಯಲ್ಲಿ ಒಬ್ಬೊಬ್ಬರ ಬಗ್ಗೆಯೂ ಮೊದಲೇ ತೀರ್ಪು ಆಗಿಹೋಗಿರುತ್ತದೆ. ಇವಳು ಮಾತು ಬಾರದವಳು, ಇವನು ಲೆಕ್ಕದಲ್ಲಿ ದಡ್ಡ, ಇವರಿಗೆ ಸಂಗೀತ ಒಗ್ಗದು ಎಂಬ ತೀರ್ಪು. ಹೆಸರು ಅಂಟಿಸಿಕೊಂಡವರು ಕ್ರಮೇಣ ಅದಕ್ಕೆ ತಕ್ಕಂತೆ ನಡೆಯತೊಡಗುತ್ತಾರೆ. ಅಪರಿಚಿತರ ನಡುವೆ ಆ ತೀರ್ಪು ಗೊತ್ತಿರುವವರು ಯಾರೂ ಇಲ್ಲ. ಕಾಲೇಜಿನಲ್ಲಿ ಮೂರು ವರ್ಷ ಬಾಯಿ ಬಿಡದಿದ್ದ ಹುಡುಗಿ ಶಿಬಿರದ ಮೂರನೆಯ ದಿನ ಎದ್ದು ನಿಂತು ಪ್ರಶ್ನೆ ಕೇಳುವುದು ಧೈರ್ಯ ಹೊಸದಾಗಿ ಬಂದದ್ದರಿಂದ ಅಲ್ಲ. ಆಕೆ ಸುಮ್ಮನಿರಬೇಕೆಂದು ಅಲ್ಲಿ ಯಾರೂ ನಿರೀಕ್ಷಿಸುವುದಿಲ್ಲ, ಅಷ್ಟೆ.

ಆದರೆ ಈ ಅನುಕೂಲ ಬಹಳ ಹೊತ್ತು ಉಳಿಯುವುದಿಲ್ಲ. ಕರ್ನಾಟಕದ ಯಾವುದೇ ಶಿಬಿರದ ಮೊದಲ ಸಂಜೆಯನ್ನು ಗಮನಿಸಿದರೆ ಸಾಕು. ಯಾವ ಊರು, ಅಲ್ಲಿ ಯಾವ ಬೀದಿ, ತಂದೆಯ ಹೆಸರೇನು, ಮನೆದೇವರು ಯಾವುದು ಎಂಬ ಪ್ರಶ್ನೆಗಳು ಸ್ನೇಹದ ದನಿಯಲ್ಲೇ ಬರುತ್ತವೆ. ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಎದುರಿನವರ ಜಾತಿ ಅಂದಾಜಿಗೆ ಸಿಕ್ಕಿರುತ್ತದೆ. ರಾತ್ರಿ ಊಟದ ವೇಳೆಗೆ ಒಂದೇ ಜಿಲ್ಲೆಯವರು, ಒಂದೇ ಭಾಷೆಯವರು, ಒಂದೇ ಜಾತಿಯವರು ಒಂದೊಂದು ಮೂಲೆ ಹಿಡಿದಾಗಿರುತ್ತದೆ. ಹೊಸ ಜಾಗದಲ್ಲಿ ಹಳೆಯ ಗುರುತಿಗೆ ಕೈಚಾಚುವುದು ಮನುಷ್ಯರ ಸಹಜ ರೂಢಿ, ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ಇದರಿಂದ ಗೊತ್ತಾಗುವುದಿಷ್ಟು: ಅಪರಿಚಿತರನ್ನು ಒಂದು ಸೂರಿನಡಿ ಸೇರಿಸಿದ ಮಾತ್ರಕ್ಕೆ ಹೊಸ ನಂಟು ಹುಟ್ಟುವುದಿಲ್ಲ. ಹೆಸರಿನ ಮೊದಲ ಅಕ್ಷರಕ್ಕೊಂದು ಹಣ್ಣಿನ ಹೆಸರು ಹೇಳಿಸುವ ಆಟ ಹತ್ತು ನಿಮಿಷ ನಗಿಸುತ್ತದೆ, ಹೆಸರುಗಳನ್ನು ನೆನಪಿನಲ್ಲಿ ಕೂರಿಸುತ್ತದೆ. ಊಟದ ಹೊತ್ತಿನ ಮೂಲೆಗಳನ್ನು ಅದು ಒಡೆಯುವುದಿಲ್ಲ.

ಒಡೆಯುವುದು ಯಾವುದು ಎಂಬುದನ್ನು ಸಮಾಜ ಮನೋವಿಜ್ಞಾನಿ ಮುಜಾಫರ್ ಶೆರಿಫ್ ಮತ್ತು ಸಂಗಡಿಗರು 1954ರ ಬೇಸಿಗೆಯಲ್ಲಿ ಅಮೆರಿಕದ ಓಕ್ಲಹೋಮ ರಾಜ್ಯದ ರಾಬರ್ಸ್ ಕೇವ್ ಉದ್ಯಾನದಲ್ಲಿ ಪರೀಕ್ಷಿಸಿದರು. ಒಬ್ಬರಿಗೊಬ್ಬರು ಪರಿಚಯವಿಲ್ಲದ 22 ಹುಡುಗರನ್ನು ಎರಡು ತಂಡ ಮಾಡಿ, ಬೇಸಿಗೆ ಶಿಬಿರವೆಂದು ಹೇಳಿ, ಮೊದಲು ಬೇರೆ ಬೇರೆಯಾಗಿ ಇರಿಸಲಾಯಿತು. ಒಂದು ತಂಡ ಹದ್ದುಗಳೆಂದು, ಇನ್ನೊಂದು ಗಿಲಕಿ ಹಾವುಗಳೆಂದು ಹೆಸರಿಟ್ಟುಕೊಂಡವು. ತಂಡದೊಳಗೆ ಗೆಳೆತನ ಬೇಗ ಕುದುರಿತು. ಆಮೇಲೆ ಬಹುಮಾನದ ಆಸೆ ತೋರಿಸಿ ಪಂದ್ಯ ಏರ್ಪಡಿಸಿದಾಗ ಧ್ವಜ ಸುಡುವವರೆಗೆ, ಒಬ್ಬರ ಬಿಡಾರಕ್ಕೆ ಇನ್ನೊಬ್ಬರು ನುಗ್ಗುವವರೆಗೆ ದ್ವೇಷ ಹೋಯಿತು. ಎರಡೂ ತಂಡಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿ, ಒಟ್ಟಿಗೆ ಸಿನಿಮಾ ತೋರಿಸಿ ರಾಜಿ ಮಾಡಿಸಲು ನೋಡಿದರೆ ಊಟದ ಮನೆಯಲ್ಲಿ ಆಹಾರದ ಎಸೆದಾಟಕ್ಕೆ ಬಂತು. ಕೊನೆಗೆ ಪರಿಸ್ಥಿತಿಯನ್ನು ತಿಳಿಗೊಳಿಸಿದ್ದು ಕೆಲಸ. ಶಿಬಿರಕ್ಕೆ ನೀರು ಬರುವ ಕೊಳವೆಯ ಸಾಲಿನಲ್ಲಿ ಅಡಚಣೆಯಾದಾಗ ಎಲ್ಲರೂ ಹುಡುಕಬೇಕಾಯಿತು. ಊಟ ತರಬೇಕಾದ ಲಾರಿ ಚಾಲೂ ಆಗದಾಗ, ತಂಡಗಳು ಹಿಂದೆ ಹಗ್ಗಜಗ್ಗಾಟಕ್ಕೆ ಬಳಸಿದ್ದ ಅದೇ ಹಗ್ಗವನ್ನು ಲಾರಿಗೆ ಕಟ್ಟಿ ಎರಡೂ ಕಡೆಯವರು ಕೂಡಿ ಎಳೆದರು. ಇಂಥ ಅಡಚಣೆಗಳನ್ನು ಸಂಶೋಧಕರೇ ಒಡ್ಡಿದ್ದರು ಎಂಬುದು ಹುಡುಗರಿಗೆ ಗೊತ್ತಿರಲಿಲ್ಲ. ಊರಿಗೆ ಮರಳುವಾಗ ಎರಡೂ ತಂಡದವರು ಒಂದೇ ಬಸ್ಸಿನಲ್ಲಿ ಹೋಗೋಣವೆಂದರು. ದಾರಿಯಲ್ಲಿ ಒಂದು ತಂಡ ತಾನು ಬಹುಮಾನವಾಗಿ ಗೆದ್ದಿದ್ದ 5 ಡಾಲರ್‌ನಿಂದ ಎಲ್ಲರಿಗೂ ಹಾಲಿನ ಪಾನೀಯ ಕೊಡಿಸಿತು.

ಮಕ್ಕಳಿಗೆ ತಿಳಿಸದೆ ಅವರನ್ನು ಜಗಳಕ್ಕೆ ಹಚ್ಚಿದ ಈ ಪ್ರಯೋಗವನ್ನು ಇಂದು ಯಾವ ನೀತಿ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಇದಕ್ಕಿಂತ ಒಂದು ವರ್ಷ ಮುಂಚೆ ನ್ಯೂಯಾರ್ಕ್ ರಾಜ್ಯದಲ್ಲಿ ಶೆರಿಫ್ ನಡೆಸಿದ್ದ ಇಂಥದೇ ಶಿಬಿರ ಅರ್ಧಕ್ಕೇ ನಿಂತಿತ್ತು. ಅಲ್ಲಿ ಹುಡುಗರನ್ನು ತಂಡ ಮಾಡುವ ಮೊದಲು ಎಲ್ಲರೂ ಬೆರೆತು ಸ್ನೇಹಿತರಾಗಲು ಬಿಡಲಾಗಿತ್ತು. ಆಮೇಲೆ ಏನು ಮಾಡಿದರೂ ಅವರು ಶತ್ರುಗಳಾಗಲು ಒಪ್ಪಲಿಲ್ಲ. ಪ್ರಸಿದ್ಧವಾದ ಪ್ರಯೋಗಕ್ಕಿಂತ ಈ ವಿಫಲ ಪ್ರಯೋಗವೇ ಶಿಬಿರ ನಡೆಸುವವರಿಗೆ ಹೆಚ್ಚು ಕಲಿಸುತ್ತದೆ. ತಂಡಗಳಾಗಿ ಒಡೆಯುವ ಮೊದಲು ಎಲ್ಲರೂ ಒಂದಾಗಿ ಕಳೆದ ಒಂದೆರಡು ದಿನ ಮುಂದಿನ ಬಿರುಕುಗಳಿಗೆ ಮೊದಲೇ ಹಾಕಿದ ಗಾರೆಯಂತೆ.

ನಂಟು ಕೆಲಸದಿಂದ ಬರುತ್ತದೆ ಎಂಬುದು ಇಲ್ಲಿಗೆ ಸ್ಪಷ್ಟ. ಆ ನಂಟು ಕಲಿಕೆಯನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಮನೋವಿಜ್ಞಾನಿ ಕುರ್ಟ್ ಲೆವಿನ್ ಅವರ ಎರಡು ಅನುಭವಗಳನ್ನು ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಕೊರತೆ ಬಂದಾಗ, ಅಲ್ಲಿನ ಗೃಹಿಣಿಯರು ಸಾಮಾನ್ಯವಾಗಿ ಬಳಸದಿದ್ದ ಹೃದಯ, ಮೂತ್ರಪಿಂಡ ಮುಂತಾದ ಭಾಗಗಳನ್ನು ಅಡುಗೆಗೆ ಒಗ್ಗಿಸುವ ಪ್ರಯತ್ನ ನಡೆಯಿತು. ಕೆಲವು ಗುಂಪುಗಳಿಗೆ ಆಕರ್ಷಕ ಉಪನ್ಯಾಸ ಕೊಡಲಾಯಿತು, ಇನ್ನು ಕೆಲವರಿಗೆ ತಮ್ಮಲ್ಲೇ ಚರ್ಚಿಸಿ ನಿರ್ಧರಿಸಲು ಬಿಡಲಾಯಿತು. ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 3 ಮಂದಿ ಆ ಮಾಂಸವನ್ನು ಬಡಿಸಿದರೆ, ಚರ್ಚಿಸಿ ನಿರ್ಧರಿಸಿದವರಲ್ಲಿ ನೂರಕ್ಕೆ 32 ಮಂದಿ ಬಡಿಸಿದರು. ಮಾಹಿತಿ ಎರಡೂ ಕಡೆ ಇತ್ತು. ಎಲ್ಲರೆದುರು ತಾನೂ ಕೈ ಎತ್ತಿದ್ದೇನೆ ಎಂಬುದು ಒಂದೇ ಕಡೆ ಇತ್ತು.

ಎರಡನೆಯದು 1946ರ ಬೇಸಿಗೆಯದು. ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಪಟ್ಟಣದ ಶಿಕ್ಷಕರ ಕಾಲೇಜಿನಲ್ಲಿ ಜನಾಂಗೀಯ ಪೂರ್ವಗ್ರಹವನ್ನು ಎದುರಿಸುವುದು ಹೇಗೆಂದು ಕಲಿಯಲು ಶಿಕ್ಷಕರು, ಸಮಾಜ ಕಾರ್ಯಕರ್ತರು ಮೊದಲಾದವರು ಸೇರಿದ್ದರು. ಹಗಲು ಅವರ ಚರ್ಚೆ ನಡೆಯುತ್ತಿತ್ತು, ಸಂಶೋಧಕರು ಪಕ್ಕದಲ್ಲಿ ಕೂತು ಯಾರು ಏನಂದರು, ಯಾರು ಯಾರನ್ನು ತಡೆದರು ಎಂದು ಬರೆದುಕೊಳ್ಳುತ್ತಿದ್ದರು. ರಾತ್ರಿ ಸಂಶೋಧಕರಷ್ಟೇ ಕೂತು ಆ ಟಿಪ್ಪಣಿಗಳನ್ನು ಪರಿಶೀಲಿಸುತ್ತಿದ್ದರು. ಅಲ್ಲೇ ತಂಗಿದ್ದ ಕೆಲವು ಶಿಬಿರಾರ್ಥಿಗಳು ಒಂದು ರಾತ್ರಿ ತಾವೂ ಕೂತು ಕೇಳಬಹುದೇ ಎಂದರು. ಸಹೋದ್ಯೋಗಿಗಳಿಗೆ ಮುಜುಗರವಾದರೂ ಲೆವಿನ್ ಒಪ್ಪಿದರು. ಟಿಪ್ಪಣಿ ಓದುವಾಗ ಅಲ್ಲೇ ಕೂತಿದ್ದ ಮಹಿಳೆಯೊಬ್ಬರ ನಡವಳಿಕೆಯ ಪ್ರಸ್ತಾಪ ಬಂತು. ಅದು ಹಾಗಲ್ಲ, ತಾನು ಅಂದದ್ದೇ ಬೇರೆ ಎಂದು ಆಕೆ ತಡೆದರು. ವಾದ ಹತ್ತಿಕೊಂಡಿತು, ಲೆವಿನ್ ಉತ್ಸಾಹದಿಂದ ಕೇಳಿದರು. ಮರುದಿನ ರಾತ್ರಿ ಕೋಣೆ ತುಂಬ ಜನ. ಒಬ್ಬರು ತಮ್ಮನ್ನು ತಾವು ಹೇಗೆ ಕಾಣುತ್ತಾರೆ, ಉಳಿದವರು ಅವರನ್ನು ಹೇಗೆ ಕಾಣುತ್ತಾರೆ ಎಂಬ ಎರಡರ ನಡುವಿನ ಅಂತರವೇ ಆ ಕಮ್ಮಟದ ಅತ್ಯಂತ ಬೆಲೆಯುಳ್ಳ ಪಾಠವಾಯಿತು. ಲೆವಿನ್ 1947ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅದೇ ಬೇಸಿಗೆಯಲ್ಲಿ ಅವರ ಸಂಗಡಿಗರು ಮೇನ್ ರಾಜ್ಯದ ಬೆಥೆಲ್ ಎಂಬ ಸಣ್ಣ ಊರಿನಲ್ಲಿ ಇದೇ ತಳಹದಿಯ ಮೇಲೆ ತರಬೇತಿ ಶಿಬಿರ ಆರಂಭಿಸಿದರು. ಇಂದು ಕಚೇರಿ, ಕಾರ್ಖಾನೆಗಳಲ್ಲಿ ನಡೆಯುವ ಗುಂಪು ತರಬೇತಿಗಳ ವಂಶಾವಳಿಯಲ್ಲಿ ಬೆಥೆಲ್‌ಗೆ ದೊಡ್ಡ ಸ್ಥಾನವಿದೆ.

ಆ ಮಹಿಳೆ ತಡೆದು ಮಾತಾಡಿದ್ದು ಅಪರಿಚಿತರ ನಡುವೆ ಎಂಬುದನ್ನು ಮರೆಯಬಾರದು. ಸ್ವಂತ ಊರಿನ ಸಭೆಯಲ್ಲಿ ಇಂಥ ಟಿಪ್ಪಣಿ ಓದಿದ್ದರೆ ಅದು ಹತ್ತು ವರ್ಷದ ಮುನಿಸಾಗಿ ಉಳಿಯುತ್ತಿತ್ತು.

ಮಾತಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಮೈಯೂ ನಂಟು ಬೆಸೆಯುತ್ತದೆ. ಆಕ್ಸ್‌ಫರ್ಡಿನ ದೋಣಿ ಸ್ಪರ್ಧಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಅಷ್ಟೇ ಶ್ರಮವನ್ನು ಒಬ್ಬೊಬ್ಬರೇ ಪಟ್ಟಾಗ ಇದ್ದುದಕ್ಕಿಂತ ತಾಳ ಹೊಂದಿಸಿ ಒಟ್ಟಿಗೆ ಹುಟ್ಟು ಹಾಕಿದಾಗ ನೋವು ತಾಳುವ ಶಕ್ತಿ ಹೆಚ್ಚಿದ್ದು ಕಂಡುಬಂತು. ರಂಗಶಿಬಿರಗಳಲ್ಲಿ ಬೆಳಗಿನ ವ್ಯಾಯಾಮ, ಗುಂಪುಗಾಯನ ತಪ್ಪದೆ ಇರುವುದು ಬರೀ ಶಿಸ್ತಿಗಲ್ಲ. ಯಕ್ಷಗಾನದ ಹೆಜ್ಜೆ ಕಲಿಯುವ ಹತ್ತು ಮಂದಿ ಒಂದೇ ತಾಳಕ್ಕೆ ನೆಲ ಮೆಟ್ಟುವಾಗ, ತಪ್ಪಿದವರು ಪಕ್ಕದವರ ಕಾಲನ್ನು ನೋಡಿ ಸರಿಮಾಡಿಕೊಳ್ಳುತ್ತಾರೆ. ಹೆಸರು ಗೊತ್ತಾಗುವ ಮುಂಚೆಯೇ ಆ ಕಾಲಿನ ಮೇಲೆ ಒಂದು ಭರವಸೆ ಹುಟ್ಟಿರುತ್ತದೆ. ಮಾತೇ ಇಲ್ಲದ ಶಿಬಿರವೂ ಉಂಟು: ವಿಪಶ್ಯನ ಧ್ಯಾನ ಶಿಬಿರದ ಹತ್ತು ದಿನಗಳಲ್ಲಿ ಕೊನೆಯ ಹಂತದವರೆಗೆ ಸಾಧಕರು ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ, ಕಣ್ಸನ್ನೆಯೂ ಕೂಡದು. ಹತ್ತನೆಯ ದಿನ ಮೌನ ಸಡಿಲವಾದಾಗ, ಒಂದೇ ಹೊತ್ತಿಗೆ ಎದ್ದು ಒಂದೇ ಸಾಲಿನಲ್ಲಿ ಕೂತವರು ಹಳೆಯ ಗುರುತಿನವರಂತೆ ಮಾತಿಗಿಳಿಯುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಬೆಸೆಯುವ ಜಾಗ ಅಡುಗೆಮನೆ ಮತ್ತು ಊಟದ ಸಾಲು. ಇಲ್ಲಿ ಅಮೆರಿಕದ ಟೆನ್ನೆಸ್ಸಿ ರಾಜ್ಯದ ಹೈಲ್ಯಾಂಡರ್ ಶಾಲೆಯ ಉದಾಹರಣೆ ಎದ್ದು ಕಾಣುತ್ತದೆ. ಡೆನ್ಮಾರ್ಕಿನ ಜನತಾ ಶಾಲೆಗಳನ್ನು ನೋಡಿ ಬಂದ ಮೈಲ್ಸ್ ಹಾರ್ಟನ್ ಗೆಳೆಯರೊಂದಿಗೆ 1932ರಲ್ಲಿ ತೆರೆದ ಶಾಲೆ ಅದು. ಕರಿಯರೂ ಬಿಳಿಯರೂ ಒಂದೇ ಮೇಜಿನಲ್ಲಿ ಉಣ್ಣುವುದು ದಕ್ಷಿಣದ ರಾಜ್ಯಗಳಲ್ಲಿ ಊಹಿಸಲೂ ಆಗದ ಕಾಲದಲ್ಲಿ ಅಲ್ಲಿ ಅದು ದಿನಚರಿಯಾಗಿತ್ತು. 1955ರ ಬೇಸಿಗೆಯಲ್ಲಿ ಶಾಲೆಗಳಲ್ಲಿನ ಜನಾಂಗ ಪ್ರತ್ಯೇಕತೆಯ ಅಂತ್ಯದ ಕುರಿತು ಅಲ್ಲಿ ನಡೆದ ಎರಡು ವಾರಗಳ ಕಮ್ಮಟಕ್ಕೆ ಮಾಂಟ್ಗೊಮರಿ ನಗರದಿಂದ ರೋಸಾ ಪಾರ್ಕ್ಸ್ ಬಂದಿದ್ದರು. ಆಗ ಅವರಿಗೆ 42 ವರ್ಷ, ವೃತ್ತಿಯಲ್ಲಿ ದರ್ಜಿ. ಆ ದಿನಗಳ ಬಗ್ಗೆ ಅವರು ಮುಂದೆ ಸಂತೋಷದಿಂದ ನೆನೆದ ಒಂದು ಸಂಗತಿ ಬೆಳಗಿನ ತಿಂಡಿಯದು: ಎದ್ದಾಗ ಕಾಫಿಯ ಘಮ, ಹುರಿಯುವ ಮಾಂಸದ ವಾಸನೆ, ಮತ್ತು ಅದನ್ನು ತಯಾರಿಸುತ್ತಿದ್ದವರು ಬಿಳಿಯರು ಎಂಬ ಅರಿವು. ಹುಟ್ಟಿದಾಗಿನಿಂದ ಬಿಳಿಯರಿಗೆ ಬಡಿಸುವುದನ್ನಷ್ಟೇ ಕಂಡ ಜನಾಂಗದ ಹೆಣ್ಣಿಗೆ ಯಾವ ಭಾಷಣವೂ ಕೊಡಲಾಗದ ಪಾಠ ಆ ಬೆಳಗಿನ ಘಮದಲ್ಲಿತ್ತು.

ಪಂಕ್ತಿಭೇದವನ್ನು ಕಂಡ ಕನ್ನಡನಾಡಿಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ. ಯಾರು ಯಾರ ಪಕ್ಕ ಕೂರಬಹುದು, ಯಾರು ಮುಟ್ಟಿದ ಪಾತ್ರೆಯಿಂದ ಯಾರು ನೀರು ಕುಡಿಯಬಹುದು ಎಂಬುದು ಇಲ್ಲಿ ಶತಮಾನಗಳ ಕಾಲ ಸಮಾಜದ ನಕ್ಷೆಯಾಗಿತ್ತು. ಸೇವಾ ಯೋಜನೆಯ ಶಿಬಿರದಲ್ಲಿ ಸರದಿಯ ಪಟ್ಟಿ ಗೋಡೆಗೆ ಅಂಟಿಸಿ, ಇಂದು ಈ ತಂಡ ತರಕಾರಿ ಹೆಚ್ಚಬೇಕು, ಆ ತಂಡ ಬಡಿಸಬೇಕು, ಮತ್ತೊಂದು ತಂಡ ಪಾತ್ರೆ ತೊಳೆಯಬೇಕು ಎಂದು ಬರೆದಾಗ ಆ ನಕ್ಷೆ ಅಳಿಸುತ್ತದೆ. ಮನೆಯಲ್ಲಿ ಒಂದು ಲೋಟ ತೊಳೆಯದ ಹುಡುಗ ಐವತ್ತು ಮಂದಿಯ ಸಾರಿನ ಕೊಳದಪ್ಪಲೆಗೆ ಬೂದಿ ಹಚ್ಚಿ ಉಜ್ಜುತ್ತಾನೆ. ಎದುರು ಕೂತು ಜೊತೆಗೆ ಉಜ್ಜುವವನ ಜಾತಿ ಕೇಳುವ ಬಿಡುವು ಅಲ್ಲಿರುವುದಿಲ್ಲ. ಕೇಳಿ ತಿಳಿದರೂ ಅಷ್ಟು ಹೊತ್ತಿಗೆ ಅದರಿಂದ ಏನೂ ಬದಲಾಗುವುದಿಲ್ಲ. ಈಚೆಗೆ ಅನುಕೂಲಕ್ಕೆಂದು ಅಡುಗೆಯನ್ನು ಗುತ್ತಿಗೆ ಕೊಡುವ ಶಿಬಿರಗಳು ಹೆಚ್ಚುತ್ತಿವೆ. ಸಮಯ ಉಳಿಯುತ್ತದೆ ಎಂಬುದು ನಿಜ. ಆದರೆ ಉಳಿದ ಸಮಯದಲ್ಲಿ ಇನ್ನೊಂದು ಉಪನ್ಯಾಸ ತುಂಬಿದರೆ ಕಳೆದುಕೊಂಡದ್ದೇ ಹೆಚ್ಚು.

ಕರ್ನಾಟಕದಲ್ಲಿ ಅಪರಿಚಿತರ ಕಲಿಕೆಗೆ ಅತ್ಯಂತ ದೊಡ್ಡ ಮಾದರಿ ಸಾಗರ ತಾಲೂಕಿನ ಹೆಗ್ಗೋಡು. 1949ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಘ ನೀನಾಸಂ, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ನಾಟಕದ ಜೊತೆಗೆ ಸಿನಿಮಾವನ್ನೂ ಕೈಗೆತ್ತಿಕೊಂಡಿತು. 1979ರಲ್ಲಿ ಪುಣೆಯ ಸಿನಿಮಾ ಶಿಕ್ಷಕ ಸತೀಶ್ ಬಹಾದ್ದೂರ್ ಅವರ ನೆರವಿನಿಂದ ಸಿನಿಮಾ ರಸಗ್ರಹಣ ಶಿಬಿರ ಆರಂಭವಾಯಿತು. ಮುಂದೆ ಅದರ ವ್ಯಾಪ್ತಿ ಸಾಹಿತ್ಯ, ರಂಗಭೂಮಿ, ಸಮಾಜಚಿಂತನೆಗಳಿಗೆ ಹಿಗ್ಗಿ, ಪ್ರತಿವರ್ಷ ಅಕ್ಟೋಬರ್ ಸುಮಾರಿಗೆ ನಡೆಯುತ್ತಿದ್ದ ಸಂಸ್ಕೃತಿ ಶಿಬಿರವಾಯಿತು. ಯು. ಆರ್. ಅನಂತಮೂರ್ತಿ ಅವರಂಥವರು ವರ್ಷವರ್ಷವೂ ಬಂದು ಕೂರುತ್ತಿದ್ದ ಶಿಬಿರವದು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಎಲ್ಲ ಕೆಲಸಕ್ಕೆ.

ಹೆಗ್ಗೋಡಿನ ಹೆಚ್ಚುಗಾರಿಕೆ ಅಲ್ಲಿಗೆ ಬಂದ ದೊಡ್ಡ ಹೆಸರುಗಳಲ್ಲಿ ಇದೆ ಎಂದು ಹೇಳುವವರುಂಟು. ಅಷ್ಟೇ ಎಂದರೆ ಅರ್ಧ ಮಾತ್ರ ಹೇಳಿದಂತೆ. ಅಡಿಕೆ ತೋಟದವರು, ಪ್ರಾಥಮಿಕ ಶಾಲೆಯ ಮೇಷ್ಟ್ರು, ಬ್ಯಾಂಕ್ ನೌಕರರು, ಕಾಲೇಜು ವಿದ್ಯಾರ್ಥಿಗಳು, ಗೃಹಿಣಿಯರು ಒಂದೇ ಸಿನಿಮಾವನ್ನು ಒಂದೇ ಕತ್ತಲೆಯಲ್ಲಿ ನೋಡಿ, ದೀಪ ಹತ್ತಿದ ಮೇಲೆ ಅದರ ಬಗ್ಗೆ ಮಾತಾಡುತ್ತಿದ್ದರು. ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಯನ್ನು ಹೀಗೆ ನೋಡಿದ ಗುಂಪೊಂದನ್ನು ಊಹಿಸಿಕೊಳ್ಳಬಹುದು. ಸಿನಿಮಾ ವ್ಯಾಕರಣ ಬಲ್ಲವರು ರೈಲಿನ ದೃಶ್ಯದ ಕ್ಯಾಮರಾ ಚಲನೆಯನ್ನು ಗಮನಿಸುತ್ತಾರೆ. ಬಡತನದಲ್ಲಿ ಸಂಸಾರ ತೂಗಿಸಿದವರು, ಮುದುಕಿಯನ್ನು ಮನೆಯಿಂದ ದೂಡುವ ಸರ್ಬೋಜಯಳ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ದಣಿವನ್ನು ಕಾಣುತ್ತಾರೆ. ಮಳೆಗಾಲದಲ್ಲಿ ಸೋರುವ ಮನೆಯಲ್ಲಿ ಬೆಳೆದವರಿಗೆ ಬಿರುಗಾಳಿಯ ರಾತ್ರಿಯ ಬಾಗಿಲ ಸದ್ದೇ ಸಾಕು. ಉಪನ್ಯಾಸಕರೊಬ್ಬರೇ ಈ ಮೂರನ್ನೂ ಹೇಳಬಹುದು. ಆದರೆ ಪಕ್ಕದಲ್ಲಿ ಕೂತ ಅಪರಿಚಿತರ ಬಾಯಿಂದ ಬಂದಾಗ ಅದರ ತೂಕವೇ ಬೇರೆ. ಒಂದೇ ಚಿತ್ರವನ್ನು ನೋಡಿದ ತನಗೆ ಅದು ಕಾಣಲಿಲ್ಲವಲ್ಲ ಎಂಬ ಅಚ್ಚರಿ ಆಗ ಹುಟ್ಟುತ್ತದೆ. ಆ ಅಚ್ಚರಿಯೇ ಕಲಿಕೆ. ಮಧ್ಯಾಹ್ನ ಊಟದ ಸಾಲಿನಲ್ಲಿ ಅವರನ್ನು ಹುಡುಕಿಕೊಂಡು ಹೋಗಿ ಮಾತು ಮುಂದುವರಿಸುವುದು ಸ್ನೇಹ. ಎರಡರ ನಡುವೆ ಗೆರೆ ಎಳೆಯುವುದು ಹೇಗೆ?

ಶಿಬಿರದ ಮಿತಿಗಳನ್ನೂ ಅಷ್ಟೇ ನೇರವಾಗಿ ನೋಡಬೇಕು. ಮೊದಲನೆಯದು ನೆನಪಿನದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಇಂದಿನವರೆಗೆ ಮತ್ತೆ ಮತ್ತೆ ದೃಢಪಟ್ಟ ಸಂಗತಿ ಇದು: ಒಂದೇ ಸಮನೆ ತುಂಬಿಕೊಂಡದ್ದಕ್ಕಿಂತ ದಿನಗಳ ಅಂತರ ಕೊಟ್ಟು ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ. ಏಳು ದಿನ ಬೆಳಗಿನಿಂದ ರಾತ್ರಿಯವರೆಗೆ ಸುರಿದ ಮಾಹಿತಿ ಏಳು ವಾರದಲ್ಲಿ ಬಹುಪಾಲು ಸೋರಿಹೋಗುತ್ತದೆ. ಹಾಗಾಗಿ ವ್ಯಾಕರಣ, ಕಾನೂನು, ಲೆಕ್ಕಪತ್ರದ ನಿಯಮಗಳಂಥ ವಿಷಯಕ್ಕೆ ಶಿಬಿರ ತಕ್ಕ ಸಾಧನವಲ್ಲ. ನೋಡುವ ಬಗೆ ಬದಲಾಗಬೇಕಾದ ಕಡೆ, ಕೈಯ ಕೆಲಸ ಯಾರಾದರೂ ನೋಡಿ ತಿದ್ದಬೇಕಾದ ಕಡೆ ಅದು ಸರಿಸಾಟಿಯಿಲ್ಲದ್ದು.

ಎರಡನೆಯದು ಇನ್ನೂ ಗಂಭೀರ. ಗುಂಪಿಗೆ ಬೆಸೆಯುವ ಶಕ್ತಿ ಇರುವಂತೆ ಹಿಂಡುವ ಶಕ್ತಿಯೂ ಇದೆ. ಬೆಥೆಲ್‌ನಿಂದ ಹೊರಟ ಪ್ರವಾಹ 1960ರ ದಶಕದಲ್ಲಿ ಅಮೆರಿಕದಲ್ಲಿ ಭಾವನೆಗಳನ್ನು ಬಗೆದು ತೆಗೆಯುವ ಮುಖಾಮುಖಿ ಗುಂಪುಗಳಾಗಿ ಹರಿಯಿತು. ಅಂಥ ಗುಂಪುಗಳಲ್ಲಿ ಭಾಗವಹಿಸಿದ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ಲೀಬರ್ಮನ್, ಯಾಲೊಮ್ ಮತ್ತು ಮೈಲ್ಸ್ 1973ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ನೂರಕ್ಕೆ ಎಂಟೊಂಬತ್ತು ಮಂದಿಗೆ ತಿಂಗಳುಗಳ ನಂತರವೂ ಉಳಿಯುವ ಮಾನಸಿಕ ಹಾನಿ ಆಗಿತ್ತು. ಹಾನಿ ಹೆಚ್ಚಾಗಿ ಕಂಡದ್ದು ಆಕರ್ಷಕ ವ್ಯಕ್ತಿತ್ವದ, ಆದರೆ ದಬಾಯಿಸುವ ನಾಯಕರ ಗುಂಪುಗಳಲ್ಲಿ. ದೀಪ ಆರಿಸಿ, ಕಣ್ಣು ಮುಚ್ಚಿಸಿ, ಸತ್ತ ತಾಯಿಯನ್ನು ನೆನೆಸಿ ಅಳಿಸುವ ತರಬೇತುದಾರರು ಇಂದು ಕರ್ನಾಟಕದ ಶಾಲೆ, ಕಚೇರಿಗಳಿಗೂ ಬರುತ್ತಾರೆ. ಅತ್ತವರು ಹಗುರಾದೆವು ಎನ್ನಬಹುದು. ಆದರೆ ಅಳಲು ಒಲ್ಲದೆ ಕೂತವರ ಪಾಡೇನು? ಎಲ್ಲರೂ ಮನಸ್ಸು ತೆರೆದಾಗ ತೆರೆಯದಿರುವ ಹಕ್ಕು ಯಾವ ಶಿಬಿರದಲ್ಲಿ ಇಲ್ಲವೋ ಅಲ್ಲಿ ನಡೆಯುವುದು ಕಲಿಕೆಯಲ್ಲ, ವಶೀಕರಣ. ನಂಟು ಕೆಲಸದ ಸುತ್ತ ಬೆಳೆಯಬೇಕು ಎನ್ನಲು ಇದೂ ಒಂದು ಕಾರಣ. ಕೆಲಸ ನಡುವೆ ಇದ್ದಾಗ ಯಾರು ಎಷ್ಟು ಹತ್ತಿರ ಬರಬೇಕು, ಎಷ್ಟು ದೂರ ಉಳಿಯಬೇಕು ಎಂಬುದು ಅವರವರಿಗೆ ಬಿಟ್ಟದ್ದಾಗಿರುತ್ತದೆ.

ಇದೇ ಕಾರಣಕ್ಕೆ ಸಮಾರೋಪದ ದಿನದ ಅನಿಸಿಕೆಗಳನ್ನು ಶಿಬಿರದ ಫಲವೆಂದು ಲೆಕ್ಕ ಹಿಡಿಯಬಾರದು. ಅಂದು ಎಲ್ಲರ ಗಂಟಲೂ ಕಟ್ಟಿರುತ್ತದೆ, ಎಲ್ಲರೂ ಬದಲಾದೆವು ಎನ್ನುತ್ತಾರೆ. ಹೈಲ್ಯಾಂಡರಿನ ಕಮ್ಮಟದ ಕೊನೆಯಲ್ಲಿ, ಊರಿಗೆ ಮರಳಿ ಏನು ಮಾಡುತ್ತೀರಿ ಎಂಬ ಪ್ರಶ್ನೆ ಬಂದಾಗ ರೋಸಾ ಪಾರ್ಕ್ಸ್ ದೊಡ್ಡ ಮಾತು ಆಡಲಿಲ್ಲ. ಮಾಂಟ್ಗೊಮರಿಯ ಜನ ಒಗ್ಗಟ್ಟಾಗುವ ಭರವಸೆ ತನಗಿಲ್ಲ, ಯುವಜನರ ಜೊತೆಗಿನ ತನ್ನ ಕೆಲಸ ಮುಂದುವರಿಸುತ್ತೇನೆ ಎಂದರು. ನಾಲ್ಕು ತಿಂಗಳೊಳಗೆ, 1955ರ ಡಿಸೆಂಬರ್ 1ರಂದು, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲು ನಿರಾಕರಿಸಿ ಬಂಧನಕ್ಕೊಳಗಾದರು. ಆ ಊರಿನ ಕರಿಯರು ಒಗ್ಗಟ್ಟಾಗಿ 381 ದಿನ ಬಸ್ಸು ಹತ್ತಲಿಲ್ಲ. ಇದನ್ನು ಕಮ್ಮಟದ ಸಾಧನೆ ಎಂದುಬಿಡುವುದು ತಪ್ಪಾಗುತ್ತದೆ. ಪಾರ್ಕ್ಸ್ 1943ರಿಂದಲೇ ಹಕ್ಕುಗಳ ಸಂಘಟನೆಯಲ್ಲಿ ದುಡಿಯುತ್ತಿದ್ದವರು. ಆದರೆ ಸಮಾನತೆಯನ್ನು ಎರಡು ವಾರ ಉಂಡು, ಉಟ್ಟು ನೋಡಿದವರಿಗೆ ಅದು ಕನಸಿನ ಮಾತಾಗಿ ಉಳಿದಿರಲಿಲ್ಲ. ಕಲಿತದ್ದು ಯಾವಾಗ ಮೊಳೆಯುತ್ತದೆ ಎಂಬುದು ಸಮಾರೋಪದ ದಿನ ಕಲಿತವರಿಗೇ ಗೊತ್ತಿರುವುದಿಲ್ಲ.

ಶಿಬಿರದ ಗೆಳೆತನ ಆಮೇಲೆ ಮಾಸುತ್ತದೆ ಎಂಬ ದೂರು ಹಳೆಯದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲ ವಾರ ನೂರಾರು ಸಂದೇಶ, ಮೂರನೆಯ ತಿಂಗಳಿಗೆ ಹಬ್ಬದ ಶುಭಾಶಯ ಮಾತ್ರ. ಇದರಲ್ಲಿ ಮರುಗಬೇಕಾದದ್ದು ಹೆಚ್ಚಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ತೋರಿಸಿಕೊಟ್ಟಂತೆ, ಹೊಸ ಮಾಹಿತಿ, ಹೊಸ ಅವಕಾಶಗಳು ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ಅಪರೂಪಕ್ಕೆ ಸಿಗುವ ಪರಿಚಯದವರಿಂದ. ಆಪ್ತರಿಗೆ ಗೊತ್ತಿರುವುದೆಲ್ಲ ತನಗೂ ಗೊತ್ತಿರುತ್ತದೆ. ಬೀದರಿನ ಶಿಕ್ಷಕಿಗೆ ಮಡಿಕೇರಿಯ ಶಿಕ್ಷಕಿಯ ಫೋನ್ ನಂಬರು ಇದ್ದರೆ, ವರ್ಷಕ್ಕೊಮ್ಮೆ ಕರೆ ಮಾಡಿದರೂ ಆ ನಂಟು ತನ್ನ ಕೆಲಸ ಮಾಡುತ್ತದೆ.

ಇನ್ನು ಉಳಿದದ್ದು ಶಿಬಿರ ಶುರುವಾಗುವ ಮುಂಚಿನ ಮಾತು. ಅಪರಿಚಿತರು ಎಷ್ಟು ಭಿನ್ನರಾಗಿರುತ್ತಾರೋ ಅಷ್ಟು ಕಲಿಕೆ. ಆದರೆ ಆ ಭಿನ್ನತೆ ನಿರ್ಧಾರವಾಗುವುದು ಏಳು ದಿನ ಮನೆ ಬಿಟ್ಟು ಬರಲು ಯಾರಿಗೆ ಸಾಧ್ಯ ಎಂಬುದರಿಂದ. ದಿನಗೂಲಿಯವರಿಗೆ ಏಳು ದಿನವೆಂದರೆ ಏಳು ದಿನದ ಕೂಲಿ. ಹಸು ಕಟ್ಟಿದವರಿಗೆ ಎರಡು ಹೊತ್ತಿನ ಹಾಲು ಕರೆಯುವ ಚಿಂತೆ. ಎಲ್ಲರಿಗಿಂತ ಹೆಚ್ಚಾಗಿ ತಪ್ಪಿಹೋಗುವವರು ಚಿಕ್ಕ ಮಕ್ಕಳ ತಾಯಂದಿರು. ಬರಲು ಮನಸ್ಸಿದ್ದೂ, ಮಗುವನ್ನು ಬಿಟ್ಟು ಬರುವಂತಿಲ್ಲ, ಕರೆದುಕೊಂಡು ಬರಬಹುದೇ ಎಂದು ಕೇಳಲು ಸಂಕೋಚ. ಹೀಗಾಗಿ ಅನೇಕ ಶಿಬಿರಗಳಲ್ಲಿ ಕೊನೆಗೆ ಉಳಿಯುವವರು ಬಿಡುವಿದ್ದವರು, ಸಂಬಳದ ರಜೆ ಇದ್ದವರು, ಗಂಡಸರು ಮತ್ತು ವಿದ್ಯಾರ್ಥಿಗಳು. ಬೇರೆ ಬೇರೆ ಊರಿನಿಂದ ಬಂದರೂ ಅವರು ಒಬ್ಬರಿಗೊಬ್ಬರು ಅಷ್ಟೇನೂ ಅಪರಿಚಿತರಲ್ಲ. ಡೆನ್ಮಾರ್ಕಿನವರು ಇದನ್ನು ಕಂಡುಕೊಂಡೇ ಹೊಲದ ಬಿಡುವಿನ ಕಾಲಕ್ಕೆ ಶಾಲೆಯನ್ನು ಹೊಂದಿಸಿದ್ದರು. ಇಲ್ಲಿ ಶಿಬಿರ ಏರ್ಪಡಿಸುವ ಸಂಘ ಸಂಸ್ಥೆಗಳು, ಇಲಾಖೆಗಳು ಸುಗ್ಗಿ ಕಳೆದ ವಾರವನ್ನು ಆರಿಸಿಕೊಳ್ಳಲಿ. ಕೂಲಿ ಬಿಟ್ಟು ಬರುವವರಿಗೆ ಭತ್ಯೆ ಕೊಡಲಿ. ಮುಂದಿನ ಸಲ ಕರಪತ್ರ ಅಚ್ಚು ಹಾಕಿಸುವಾಗ, ಮಗುವಿನ ಜೊತೆ ಬರುವವರಿಗೂ ಜಾಗವಿದೆ, ಮಗುವನ್ನು ನೋಡಿಕೊಳ್ಳಲು ಜನರಿದ್ದಾರೆ ಎಂಬ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಸೇರಿಸಲಿ.